ಹುಣಸೆಹಣ್ಣಲ್ಲಿ ತೊಳೆದ ಕಾರ್ಡು

ನಾನು ಹುಟ್ಟಿದ್ದು ಮೈಸೂರಿನ ಒಂಟಿಕೊಪ್ಪಲಿನ ಒಂದು ಮನೆಯಲ್ಲಿ, ಮದುವೆಯಾಗಿ ಬಾಳಿದ್ದೂ ಅದೇ ಮನೆಯಲ್ಲಿ. ಅವ್ವ ತನ್ನ ತಮ್ಮನನ್ನು ತಾನೇ ಸಾಕಿ ದೊಡ್ಡವನನ್ನಾಗಿ ಮಾಡಿ ಅವನಿಗೇ ನನ್ನನ್ನು ಕೊಟ್ಟಳು. ಬೇರೆ ಹೆಂಗಸರಿಗೆ ತವರು ಅಂದರೆ ಬಸ್ಸು ಹತ್ತಿ ಹೋಗುವ ಜಾಗ. ನನಗೆ ಅಡುಗೆಮನೆಯಿಂದ ನಡುಮನೆಗೆ ಬಂದಷ್ಟು ದೂರ. ಹಾಗಾಗಿ ಚಿಕ್ಕಂದಿನ ಮನೆ ಅಂತ ನಾನು ಹೇಳಹೊರಟರೆ ಅದರೊಳಗೆ ಮುದುಕಿಯಾದ ಮೇಲಿನ ಮಾತೂ ಬಂದುಬಿಡುತ್ತದೆ. ಗೋಡೆ ಅದೇ, ಹೊಸ್ತಿಲು ಅದೇ, ನಾನು ಏನು ಮಾಡಲಿ? ಬೀದಿ ಕಡೆಗೆ ಹೊರಕೋಣೆ, ಆಮೇಲೆ ನಡುಮನೆ, ಹಿಂದೆ ಅಡುಗೆಮನೆ, ಅದರಾಚೆ ಬಟ್ಟೆ ಒಗೆಯುವ ಕಲ್ಲು. ನಡುಮನೆಗೆ ಅಂಟಿಕೊಂಡು ಒಬ್ಬರು ಕೂರುವಷ್ಟು ದೇವರ ಕೋಣೆ. ಮೂರನೇ ಕ್ಲಾಸಿನವರೆಗೆ ಸ್ಕೂಲಿಗೆ ಹೋದೆ. ಆಮೇಲೆ ಅವ್ವ ಬಿಡಿಸಿ ಆ ಕಲ್ಲಿನ ಪಕ್ಕ ಹಿತ್ತಾಳೆ ಪಾತ್ರೆಗಳ ಮುಂದೆ ಕೂರಿಸಿದಳು. ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು. ಚೊಂಬು ಕಪ್ಪಗಿದ್ದರೆ ಅವ್ವ ಮಾತಾಡುತ್ತಿರಲಿಲ್ಲ, ಮತ್ತೆ ನನ್ನ ಮುಂದೆ ತಂದಿಡುತ್ತಿದ್ದಳು, ಅಷ್ಟೆ. ಅಕ್ಷರ ಕೂಡಿಸಿಕೊಂಡು ನಿಧಾನಕ್ಕೆ ಓದಬಲ್ಲೆ, ಬರೆಯಬಲ್ಲೆ. ಆದರೆ ಹಿತ್ತಾಳೆ ಬೆಳಗುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಇದು ಜಂಬದ ಮಾತೇ, ಇರಲಿ.

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಬೇರೆಯವರ ಮನೆಯಲ್ಲಿ ನಾನು ಅದನ್ನು ಕಂಡಿಲ್ಲ. ಯಾರಾದರೂ ಏನಾದರೂ ಒಡೆದರೆ, ಕೆಡಿಸಿದರೆ, ಸುಳ್ಳು ಹೇಳಿದರೆ, ಅದನ್ನು ತಟ್ಟೆ ಮುಂದೆ ಕೂತು ಮೊದಲ ತುತ್ತಿಗೆ ಮುಂಚೆ ಹೇಳಿಬಿಡಬೇಕು. ಹೇಳಿದರೆ ಅವ್ವ "ಆಯ್ತು, ಉಣ್ಣು" ಅನ್ನುವಳು. ಆ ಮಾತು ಬಿದ್ದರೆ ಮುಗಿಯಿತು, ಆಮೇಲೆ ಬೈಗುಳವಿಲ್ಲ, ಏಟಿಲ್ಲ, ವರ್ಷ ಕಳೆದರೂ ಯಾರೂ ಅದನ್ನು ಎತ್ತಿ ಆಡುವ ಹಾಗಿಲ್ಲ. ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ಉಪ್ಪಿನಕಾಯಿ ಜಾಡಿಯ ಬಾಯಿ ಒಡೆದೆ. ಒಡೆದ ಕಡೆಯನ್ನು ಗೋಡೆಗೆ ತಿರುಗಿಸಿಟ್ಟು ಹೋಗಿ ಊಟಕ್ಕೆ ಕೂತೆ. ಅವ್ವ ಒಂದು ಗಳಿಗೆ ನನ್ನ ಮುಖ ನೋಡಿದಳು. ನಾನು ಮುದ್ದೆ ಮುರಿದು ಬಾಯಿಗಿಟ್ಟುಕೊಂಡೆ. ಮಾರನೇ ದಿನ ಜಾಡಿ ತಿರುಗಿಸಿ ನೋಡಿ, ಸೌದೆ ಕಡ್ಡಿ ತಗೊಂಡು ಬಂದಳು. ನಾನು ಅಳುತ್ತಾ, ಜಾಡಿ ಹಳೇದಲ್ವಾ ಅವ್ವ, ಮೊದಲೇ ಬಿರುಕು ಬಿಟ್ಟಿತ್ತು ಅಂತ ಏನೇನೋ ಅಂದೆ.

"ಒಡೆದಿದ್ದಕ್ಕಲ್ಲ ಕಣೇ ಹೊಡೀತಿರೋದು. ಉಂಡಿದ್ದಕ್ಕೆ."

ಅವ್ವನೂ ನನ್ನ ಗಂಡನೂ ಹೋದ ಮೇಲೆ ಆ ಮಾತು ಹೇಳುವ ಕೆಲಸ ನನ್ನದಾಯಿತು. ನನ್ನ ಮಗ ಮಹೇಶ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮೀಸೆ ಬಂದು, ಮದುವೆಯಾಗಿ, ತಲೆ ಮುಂದುಗಡೆ ಬೋಳಾಗುತ್ತಿದ್ದರೂ ತಟ್ಟೆ ಮುಂದೆ ಕೂತು, "ಅವ್ವ, ಸ್ಕೂಟರ್ ಕನ್ನಡಿ ಒಡೆದ್ಬುಟ್ಟೆ" ಅನ್ನುತ್ತಿದ್ದ. ನಾನು "ಆಯ್ತು, ಉಣ್ಣು" ಅನ್ನುತ್ತಿದ್ದೆ. ಸೊಸೆ ಸುಮಾಗೆ ಇದು ತಮಾಷೆ. ಅವಳು ಹೊರಗಿನಿಂದ ಬಂದವಳು, ಪಿಯುಸಿ ಓದಿದವಳು, ಟೈಪಿಂಗ್ ಪಾಸು ಮಾಡಿದವಳು.

"ಅತ್ತೆ, ನಿಮ್ಮನೇಲಿ ಊಟಕ್ಕೆ ಕೂರೋದು ಅಂದ್ರೆ ಕೋರ್ಟಿಗೆ ಹೋದಂಗೆ ಕಣ್ರೀ."

"ತಪ್ಪು ಮಾಡಿದ್ರೆ ತಾನೇ ಕೋರ್ಟು? ನೀನೇನ್ ಮಾಡಿದ್ದೀಯ, ಹೇಳು ನೋಡನ."

ಅವಳು ನಗುವಳು. ತಟ್ಟೆ ಮುಂದೆ ಅವಳು ಏನನ್ನೂ ಹೇಳಿದ್ದಿಲ್ಲ. ನಾನೂ ಒತ್ತಾಯ ಮಾಡಿದ್ದಿಲ್ಲ.

ಸುಮಾ ಮನೆಯಲ್ಲೇ ಕಂಪ್ಯೂಟರ್ ಟೈಪಿಂಗ್ ಶುರು ಮಾಡುತ್ತೇನೆ ಅಂದಳು. ಆಗ ಮೈಸೂರಿನಲ್ಲಿ ಮದುವೆ ಕಾಗದ, ತಿಥಿ ಕಾಗದ, ಕಾಲೇಜು ಮಕ್ಕಳ ಪ್ರಾಜೆಕ್ಟು, ಎಲ್ಲವೂ ಕಂಪ್ಯೂಟರಿನಲ್ಲಿ ಟೈಪಾಗಬೇಕಿತ್ತು. ಒಂದು ಹಳೇ ಕಂಪ್ಯೂಟರೂ ಪ್ರಿಂಟರೂ ಹೊರಕೋಣೆಗೆ ಬಂದವು. ನಾನು ತಕರಾರು ತೆಗೆದೆ. ಕಂಡ ಕಂಡ ಗಂಡಸರೆಲ್ಲ ಬಂದು ಹೋಗುವ ಕಡೆ ಸೊಸೆ ದಿನವೆಲ್ಲ ಕೂರುವುದು ನನಗೆ ಸರಿಬರಲಿಲ್ಲ. ಅದಕ್ಕಿಂತ ದೊಡ್ಡದು, ಒಲೆ ಮೇಲಿಟ್ಟ ಹಾಲು ಯಾರು ನೋಡುವವರು? ಒಂದು ತಿಂಗಳು ಮುಖ ಊದಿಸಿಕೊಂಡಿದ್ದೆ. ಕಡೆಗೆ ಮಹೇಶ ಇನ್ನೊಂದು ಕಂಪ್ಯೂಟರ್ ತಂದು ನಡುಮನೆಯಲ್ಲಿಟ್ಟ. ಅಲ್ಲಿ ಕೂತರೆ ಒಲೆ ಕಾಣುತ್ತದೆ, ಬೀದಿ ಕಾಣಲ್ಲ. ಸುಮಾ ಅಲ್ಲಿ ಟೈಪು ಮಾಡಿ, ಫ್ಲಾಪಿ ಅನ್ನುವ ಚೌಕದ ಬಿಲ್ಲೆಗೆ ತುಂಬಿಕೊಂಡು ಹೊರಕೋಣೆಗೆ ಓಡಿ, ಅಲ್ಲಿನ ಕಂಪ್ಯೂಟರ್ ಪೆಟ್ಟಿಗೆಗೆ ಹಾಕಿ ಪ್ರಿಂಟು ತೆಗೆಯಬೇಕು. ಒಂದು ತಪ್ಪು ಕಂಡರೆ ಮತ್ತೆ ಒಳಕ್ಕೆ, ಮತ್ತೆ ಹೊರಕ್ಕೆ. ಪ್ರಿಂಟರನ್ನೇ ಒಳಗೆ ತರೋಣ ಅಂದರೆ ಅದು ಆ ಹಳೇ ಪೆಟ್ಟಿಗೆಗೆ ಬಿಟ್ಟು ಬೇರೆಯದಕ್ಕೆ ಒಗ್ಗಲಿಲ್ಲ.

ಬಸವರಾಜು ಅಂತ ಒಬ್ಬರು ಹೂಟಗಳ್ಳಿ ಕಡೆ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ಪಾಳಿ ಮುಗಿದ ಮೇಲೆ ಮನೆ ಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದರು. ಸುಮಾಳ ಓಡಾಟ ನೋಡಿ, ಮುಂದಿನ ಸಲ ಬರುವಾಗ ಚೀಲದಿಂದ ಎರಡು ಕಾರ್ಡು ತೆಗೆದರು. ಅಂಗೈ ಅಗಲದ ಹಸಿರು ಹಲಗೆ, ಮೇಲೆಲ್ಲ ಕರೀ ಹುಳ ಕೂತ ಹಾಗೆ ಚೂರುಗಳು, ಕೆಳ ಅಂಚಿಗೆ ಚಿನ್ನದ ಬಣ್ಣದ ಹಲ್ಲಿನ ಸಾಲು. ಆ ಹಲ್ಲನ್ನು ಪೆಟ್ಟಿಗೆಯೊಳಗಿನ ಸೀಳಿನಲ್ಲಿ ಒತ್ತಿ ಕೂರಿಸಬೇಕು. ಪೆಟ್ಟಿಗೆಯ ಬೆನ್ನಿನಿಂದ ಅದರ ಬಾಯಿ ಹೊರಕ್ಕೆ ಕಾಣುತ್ತದೆ, ಅದಕ್ಕೆ ತಂತಿ ಚುಚ್ಚಬೇಕು. ತಂತಿಯ ಇನ್ನೊಂದು ತುದಿ ನಡುಮನೆಯ ಪೆಟ್ಟಿಗೆಯಲ್ಲಿರುವ ಕಾರ್ಡಿಗೆ.

"ಅಮ್ಮಾವ್ರೇ, ಇದು ನೆಟ್‌ವರ್ಕ್ ಕಾರ್ಡು. ಇದಿದ್ರೆ ಈ ಪೆಟ್ಟಿಗೆ ಆ ಪೆಟ್ಟಿಗೆ ಜೊತೆ ಮಾತಾಡ್ತದೆ."

"ನಮ್ಮಿಬ್ರಿಗೂ ಒಂದೊಂದು ಹಾಕ್ಬುಡಪ್ಪ, ಪುಣ್ಯ ಬತ್ತದೆ," ಅಂದೆ. ಸುಮಾ ಒಳಗಿನಿಂದ ಕಿಸಕ್ಕನೆ ನಕ್ಕಳು.

ತಂತಿಯನ್ನು ಬಾಗಿಲ ಮೇಲೆ ಮಾವಿನ ತೋರಣ ಕಟ್ಟುವ ಮೊಳೆಗಳಿಗೇ ಸಿಕ್ಕಿಸಿ ಎಳೆದರು. ಪೆಟ್ಟಿಗೆ ಬಿಚ್ಚುವುದನ್ನು, ಧೂಳು ಹೊಡೆಯುವುದನ್ನು ಸುಮಾಗೆ ಕಲಿಸಿಕೊಟ್ಟರು. ಕಾರ್ಡು ಮುಟ್ಟುವ ಮುಂಚೆ ಪೆಟ್ಟಿಗೆಯ ಕಬ್ಬಿಣ ಮುಟ್ಟಬೇಕು, ಇಲ್ಲದಿದ್ದರೆ ನಮ್ಮ ಮೈಯಲ್ಲಿರುವ ಕರೆಂಟು ಹೊಡೆದು ಕಾರ್ಡು ಸತ್ತುಹೋಗುತ್ತದೆ ಅಂತ ಎರಡು ಸಲ ಹೇಳಿದರು. ಸುಮಾ ಎರಡು ಕೈಯಲ್ಲೂ ಕಬ್ಬಿಣ ಮುಟ್ಟಿ, ಆಮೇಲೆ ಕಾರ್ಡು ಹಿಡಿಯುತ್ತಿದ್ದಳು. ದೇವರ ಕೋಣೆಗೆ ಹೋಗುವಾಗಲೂ ಅವಳು ಅಷ್ಟು ಭಕ್ತಿ ತೋರಿಸಿದ್ದನ್ನು ನಾನು ಕಂಡಿರಲಿಲ್ಲ.

ಈಗ ಹೊರಕೋಣೆಯಲ್ಲಿ ಯಾರಾದರೂ ಕೂರಬೇಕಲ್ಲ, ನಾನು ಕೂತೆ. ಬಂದವರ ಕಾಗದ ಇಸಕೊಳ್ಳುವುದು, ಪ್ರಿಂಟರಿಗೆ ಹಾಳೆ ಹಾಕುವುದು, ಬಂದ ಹಾಳೆ ಜೋಡಿಸಿ ಕೊಡುವುದು. ಕಾರ್ಡಿನ ಬಾಯಿ ಹತ್ತಿರ ಸಾಸಿವೆ ಕಾಳಿನಷ್ಟು ಹಸಿರು ದೀಪ ಇತ್ತು. ಸುಮ್ಮನಿದ್ದಾಗ ನೆಟ್ಟಗೆ ಉರಿಯುತ್ತದೆ, ಒಳಗಿನಿಂದ ಪುಟ ಹೊರಟರೆ ಮಿಣಮಿಣ ಅನ್ನುತ್ತದೆ. ಆ ದೀಪ ನನಗೆ ಕಾಣಲಿ ಅಂತ ಪೆಟ್ಟಿಗೆಯನ್ನೇ ತಿರುಗಿಸಿ, ಅದರ ಬೆನ್ನು ನನ್ನ ಸ್ಟೂಲಿನ ಕಡೆಗೆ ಮಾಡಿಸಿಕೊಂಡೆ. ಬಂದವರೆಲ್ಲ, ಇದೇನಮ್ಮ ಉಲ್ಟಾ ಇಟ್ಟಿದ್ದೀರಿ ಅಂತ ಕೇಳುವರು. ನಿಮಗ್ಯಾಕೆ, ಕಾಗದ ಕೊಡಿ ಅನ್ನುತ್ತಿದ್ದೆ. ಒಳಗಿನಿಂದ "ಅತ್ತೆ, ಕಳಿಸ್ದೆ!" ಅಂತ ಸುಮಾ ಕೂಗುವ ಮುಂಚೆಯೇ ನಾನು "ಬಂತು!" ಅಂತ ಕೂಗುತ್ತಿದ್ದೆ. ಐವತ್ತು ದಾಟಿದ ಮೇಲೆ, ಅಕ್ಷರದ ಕೆಲಸ ಒಂದರಲ್ಲಿ ನಾನು ಇಲ್ಲದಿದ್ದರೆ ನಡೆಯಲ್ಲ ಅನ್ನುವ ಹಾಗಾಯಿತು. ನನಗೆ ಅದು ಬಹಳ ಹಿಡಿಸಿತು. ತಕರಾರು ತೆಗೆದವಳು ನಾನೇ ಅನ್ನುವುದು ಮರೆತೇಹೋಯಿತು.

ಆ ವರ್ಷ ಆಯುಧಪೂಜೆಗೆ ಎರಡು ದಿನ ಮುಂಚೆ ಒಂದು ವಿದ್ಯಾರ್ಥಿನಿಲಯದವರು ಸ್ಮರಣ ಸಂಚಿಕೆಯ ಕೆಲಸ ತಂದುಕೊಟ್ಟರು. ನೂರೈವತ್ತು ಪುಟ, ಅದರಲ್ಲಿ ಅರ್ಧಕ್ಕರ್ಧ ಪುಟಕ್ಕೆ ಫೋಟೋ. ಸುಮಾಗೆ ಅಷ್ಟು ದೊಡ್ಡ ಕೆಲಸ ಅದೇ ಮೊದಲು. ಇಡೀ ದಿನ ಅವಳ ಕಾಲು ನೆಲದ ಮೇಲಿರಲಿಲ್ಲ. ಆಯುಧಪೂಜೆ ದಿನ ಬೆಳಗ್ಗೆ ಈಳಿಗೆಮಣೆ, ಕತ್ತರಿ, ಸ್ಕೂಟರು, ಎಲ್ಲವನ್ನೂ ತೊಳೆದು ಸಾಲಾಗಿಟ್ಟೆವು. ಕಂಪ್ಯೂಟರಿಗೆ ಹೂ ಏರಿಸಿ ಬಿಡೋಣ ಅಂದಳು ಸುಮಾ. ನಾನು ಒಪ್ಪಲಿಲ್ಲ.

"ತಗಡಿನ ಪೆಟ್ಟಿಗೆಗೆ ಹೂ ಇಟ್ರೆ ಏನ್ ಬಂತು? ಕೆಲಸ ಮಾಡೋದು ಆ ಕಾರ್ಡು. ಅದನ್ನ ತೆಗೆದುಕೊಡು, ದೇವರ ಮುಂದೆ ಇಡ್ತೀನಿ."

"ಬೇಡ ಅತ್ತೆ, ಅದು ನಾಜೂಕು."

"ಅಂಗೇ ಬುಡು. ವರ್ಷವೆಲ್ಲ ದುಡಿದಿದ್ದು ಅದು, ಪೂಜೆ ಮಾತ್ರ ಡಬ್ಬಕ್ಕೆ."

ಅವಳು ಕಬ್ಬಿಣ ಮುಟ್ಟಿ, ನನ್ನ ಸ್ಟೂಲಿನ ಹತ್ತಿರದ ಪೆಟ್ಟಿಗೆಯಿಂದ ಕಾರ್ಡು ತೆಗೆದು, ದೇವರ ಕೋಣೆಯಲ್ಲಿ ಕಾಗದದ ಮೇಲಿಟ್ಟು ಸ್ನಾನಕ್ಕೆ ಹೋದಳು. ನಾನು ದೀಪದ ಕಂಬಗಳನ್ನು ಬೆಳಗುತ್ತಾ ಕೂತಿದ್ದೆ. ಕೈಯಲ್ಲಿ ಹುಣಸೆಹಣ್ಣು. ಕಾರ್ಡಿನ ಹಲ್ಲು ಕಣ್ಣಿಗೆ ಬಿತ್ತು, ಮಂಕಾಗಿತ್ತು. ಹಬ್ಬದ ದಿನ ದೇವರ ಮುಂದೆ ಮಂಕು ಹಿತ್ತಾಳೆ ಇಟ್ಟು ನನಗೆ ಗೊತ್ತಿಲ್ಲ. ತಗೊಂಡೆ, ಹುಣಸೆಹಣ್ಣು ಹಚ್ಚಿದೆ, ಚಿಟಿಕೆ ಇಟ್ಟಿಗೆ ಪುಡಿ ಹಾಕಿ ನಾರಿನಲ್ಲಿ ಉಜ್ಜಿದೆ. ನೀರಲ್ಲಿ ಜಾಲಿಸಿ ಸೆರಗಿನಲ್ಲಿ ಒರೆಸಿ, ಮೂರು ಬೆರಳಲ್ಲಿ ವಿಭೂತಿ ಹಚ್ಚಿ ಮತ್ತೆ ಕಾಗದದ ಮೇಲಿಟ್ಟೆ. ಸುಮಾ ಸ್ನಾನ ಮುಗಿಸಿ ಬಂದು ಕಾರ್ಡಿಗೆ ಹೂ ಇಟ್ಟು ಕೈಮುಗಿದಳು. ವಿಭೂತಿ ನೋಡಿ ನಕ್ಕಳು. ತೊಳೆದದ್ದು ಅವಳಿಗೆ ಗೊತ್ತಾಗಲಿಲ್ಲ. ನಾನು ಹೇಳಲೂ ಇಲ್ಲ, ಹೇಳುವಂಥದ್ದು ಅಂತಲೂ ಅನ್ನಿಸಿರಲಿಲ್ಲ.

ಮಾರನೇ ದಿನ ವಿಜಯದಶಮಿ. ವಿಭೂತಿ ಒರೆಸಿ ಕಾರ್ಡನ್ನು ಪೆಟ್ಟಿಗೆಗೆ ಕೂರಿಸಿ ಸುಮಾ ಸ್ವಿಚ್ಚು ಹಾಕಿದಳು. ಹಸಿರು ದೀಪ ಬರಲಿಲ್ಲ. ತೆಗೆದು ಮತ್ತೆ ಕೂರಿಸಿದಳು. ತಂತಿ ಬದಲಾಯಿಸಿದಳು. ಪೆಟ್ಟಿಗೆಗೆ ಅಲ್ಲಿ ಕಾರ್ಡು ಇದೆ ಅನ್ನುವುದೇ ಗೊತ್ತಾಗುತ್ತಿಲ್ಲ ಅಂದಳು.  ನನಗೆ ಅಷ್ಟು ಹೊತ್ತಿಗೆ ಹುಣಸೆಹಣ್ಣಿನ ನೆನಪಾಗಿತ್ತು. ಬಸವರಾಜು ಹಬ್ಬಕ್ಕೆ ಊರಿಗೆ ಹೋಗಿದ್ದರು, ಬರುವುದು ಒಂದು ವಾರ. ಮಹೇಶ ಅಂಗಡಿಯಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

"ನಿನಗ್ಯಾಕೆ ಬೇಕಿತ್ತು ಬಿಚ್ಚೋ ಕೆಲಸ? ಗೊತ್ತಿರೋರು ಮಾಡೋದನ್ನ ಗೊತ್ತಿರೋರಿಗೆ ಬಿಡಬೇಕು."

"ಕಬ್ಬಿಣ ಮುಟ್ಟೇ ತೆಗೆದಿದ್ದೆ ಕಣ್ರೀ."

"ಮುಟ್ಟಿದ್ರೆ ಯಾಕೆ ಸಾಯ್ತಿತ್ತು?"

ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಅವತ್ತು ರಾತ್ರಿ ಬಸ್ಸಾರು, ಮುದ್ದೆ. ನಾನು ತಟ್ಟೆ ಮುಂದೆ ಕೂತೆ, ಬಾಯಿ ತೆರೆದೆ, ಮುದ್ದೆ ಇಟ್ಟುಕೊಂಡೆ.

ಯಾಕೆ ಹೇಳಲಿಲ್ಲ ಅಂತ ಈಗ ಕೇಳಿದರೆ ನೆಟ್ಟಗೆ ಹೇಳುತ್ತೇನೆ. ಓದು ಬರದ ಹೆಂಗಸು ಅನ್ನಿಸಿಕೊಳ್ಳುವ ಭಯ ಮೊದಲನೆಯದು. ಆ ಹೊರಕೋಣೆಯಲ್ಲಿ ಕೂತ ಮೇಲೆ ನಾಲ್ಕು ಜನ ನನ್ನನ್ನು ಕಂಪ್ಯೂಟರ್ ಅಮ್ಮ ಅನ್ನುತ್ತಿದ್ದರು. ಕಂಪ್ಯೂಟರನ್ನು ಚೊಂಬಿನ ಹಾಗೆ ತೊಳೆದಳಂತೆ ಅಂತ ಅದೇ ಜನ ನಗುವುದು ನನ್ನ ಕಿವಿಗೆ ಕೇಳಿಸುತ್ತಿತ್ತು. ಇನ್ನೊಂದು ಇದೆ, ಅದನ್ನೂ ಬರೆಯುತ್ತೇನೆ. ಆ ದಿನಗಳಲ್ಲಿ ಸುಮಾ ಅಡುಗೆಮನೆಯಲ್ಲೇ ಇದ್ದಳು. ಅಕ್ಕಿರೊಟ್ಟಿ ಕಾವಲಿಯಿಂದ ನೇರ ನನ್ನ ತಟ್ಟೆಗೆ ಬರುತ್ತಿತ್ತು. ಕಷ್ಟದಲ್ಲಿದ್ದ ಸೊಸೆಯ ಬಿಸಿ ರೊಟ್ಟಿ ತಿಂದು ಒಂದು ಚೂರು ಹಿತವೂ ಆಗಿತ್ತು ನನಗೆ. ಆದರೆ ಅವಳು ಪೆಟ್ಟಿಗೆ ಬಿಚ್ಚುವುದನ್ನೇ ಬಿಟ್ಟಳು. ಸ್ಕ್ರೂಡ್ರೈವರನ್ನು ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟಳು. ಫ್ಲಾಪಿ ಹಿಡಿದುಕೊಂಡು ಓಡಾಡಿ ನೋಡಿದಳು, ಬರೀ ಬರಹದ ಪುಟ ಸಾಗಿತು, ಫೋಟೋ ಇರುವ ಪುಟ ಅದರೊಳಗೆ ಹಿಡಿಸಲಿಲ್ಲ. ಮೂರನೇ ದಿನ ಮಹೇಶ, ಇದೆಲ್ಲ ಮುಚ್ಚಿಬಿಡು, ನೆಮ್ಮದಿಯಾಗಿ ಮನೇಲಿರು ಅಂದ. ಅವಳು ಎದುರಾಡುತ್ತಾಳೆ ಅಂತ ಕಾದಿದ್ದೆ. ಅವಳು ಅಕ್ಕಿ ಆರಿಸುತ್ತಲೇ ಇದ್ದಳು.

ಆರನೇ ದಿನ ಭಾನುವಾರ, ಮೂವರೂ ಮಧ್ಯಾಹ್ನದ ಊಟಕ್ಕೆ ಕೂತೆವು. ಸಂಜೆ ಸಂಚಿಕೆಯ ಕಾಗದವೆಲ್ಲ ವಾಪಸ್ ಕೊಟ್ಟು ಬರುತ್ತೇನೆ, ನನ್ನ ಕೈಲಿ ಆಗಲ್ಲ ಅಂತ ಹೇಳಿಬಿಡುತ್ತೇನೆ ಅಂತ ಸುಮಾ ಬೆಳಗ್ಗೆಯೇ ಅಂದಿದ್ದಳು. ಬಡಿಸಿ ಮುಗಿಸಿ ತಟ್ಟೆ ಮುಂದೆ ಕೂತವಳು ಕೈ ನೀರು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಅತ್ತೆ, ಇವತ್ತು ನಾನೂ ಹೇಳ್ತೀನಿ."

"ಏನದು?"

"ಕಾರ್ಡು ಹಾಳಾಗಿದ್ದು ನನ್ನಿಂದಾನೇ. ಕಬ್ಬಿಣ ಮುಟ್ಟಿದ್ದೆ ಅಂತಿದ್ದೆ. ಯೋಚನೆ ಮಾಡಿದ್ರೆ ಮುಟ್ಟಿರಲಿಲ್ಲ ಅನ್ಸುತ್ತೆ. ಹಬ್ಬದ ಅವಸರದಲ್ಲಿ ಮರೆತಿರಬೇಕು."

ಅವಳು ಮುಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಎರಡೂ ಕೈ. ಆದರೆ ನನ್ನ ನಾಲಿಗೆಗೆ ಇಷ್ಟು ವರ್ಷದ ಅಭ್ಯಾಸ, ತಾನೇ ಅಂದುಬಿಟ್ಟಿತು.

"ಆಯ್ತು, ಉಣ್ಣು."

ಮಹೇಶ ತಲೆ ತಗ್ಗಿಸಿ ಊಟ ಶುರು ಮಾಡಿದ. ಸುಮಾ ಅನ್ನ ಕಲಸಿದಳು. ನಾನೂ ತುತ್ತು ಎತ್ತಿದೆ. ಅದು ಬಾಯಿ ಹತ್ತಿರ ಬಂದು ನಿಂತಿತು. ಮಾಡದ ತಪ್ಪನ್ನು ಅವಳು ಒಪ್ಪಿಕೊಂಡಿದ್ದಾಳೆ, ಮಾಡಿದವಳು ನಾನು ಅವಳನ್ನು ಮನ್ನಿಸಿ ಕೂತಿದ್ದೇನೆ. ತುತ್ತನ್ನು ತಟ್ಟೆಗೆ ಹಾಕಿದೆ.

"ಸುಮಾ, ಅದು ನೀನಲ್ಲ. ನಾನು. ಹುಣಸೆಹಣ್ಣು ಹಚ್ಚಿ ಉಜ್ಜಿದೆ. ನೀರಲ್ಲಿ ತೊಳೆದೆ. ನೀನು ಸ್ನಾನಕ್ಕೆ ಹೋಗಿದ್ದೆ."

ಮಹೇಶ "ಅವ್ವಾ!" ಅಂದ. ಸುಮಾ ಅವನಿಗೆ ಸುಮ್ಮನಿರಿ ಅಂತ ಕೈ ತೋರಿಸಿದಳು.

"ಅವತ್ತೇ ಗೊತ್ತಿತ್ತಾ ಅತ್ತೆ?"

"ದೀಪ ಬರದಾಗ ಗೊತ್ತಾಯ್ತು."

"ಈ ಆರು ದಿನಾನೂ ಊಟ ಮಾಡಿದ್ರಾ?"

"ಮಾಡ್ದೆ."

 ಅವಳು ಆಯ್ತು, ಉಣ್ಣಿ ಅನ್ನಲಿಲ್ಲ. ಅವಳು ಹೇಳಬೇಕಾದ ಮಾತು ಅದು, ಆ ಮನೆಯಲ್ಲಿ ಆಗ ಹೇಳುವ ಹಕ್ಕಿದ್ದವಳು ಅವಳೊಬ್ಬಳೇ. ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಉಂಡಳು. ಒಂದಗುಳೂ ಬಿಡದೆ ಉಂಡಳು, ಬಾಗಿಲಿಂದ ನೋಡಿದೆ. ನಾನು ನನ್ನ ತಟ್ಟೆಯಲ್ಲಿದ್ದದ್ದನ್ನು ಬೀದಿ ಹಸುವಿಗೆ ಹಾಕಿದೆ. ಸಂಜೆ ಅವಳು ಕಾಗದ ವಾಪಸ್ ಕೊಡಲು ಹೋಗಲಿಲ್ಲ. ಅಟ್ಟದಿಂದ ಸ್ಕ್ರೂಡ್ರೈವರ್ ಇಳಿಸಿದಳು.

ಎರಡು ದಿನಕ್ಕೆ ಬಸವರಾಜು ಬಂದರು. ಕಾರ್ಡು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಹಲ್ಲಿನ ಮೇಲಿದ್ದ ಚಿನ್ನದ ಬಣ್ಣ ಇಟ್ಟಿಗೆ ಪುಡಿಗೆ ಎದ್ದುಹೋಗಿತ್ತು, ಕೆಳಗಿನ ತಾಮ್ರ ಹಸಿರು ತಿರುಗಿತ್ತು. ಜೇಬಿನಿಂದ ಪೆನ್ಸಿಲ್ ಅಳಿಸುವ ರಬ್ಬರು ತೆಗೆದು ಉಜ್ಜಿ ನೋಡಿದರು. ಮಂಕಾದ ಹಲ್ಲಿಗೆ ಅದೇ ಮದ್ದಂತೆ. ಇದಕ್ಕೆ ಹೊತ್ತು ಮೀರಿತ್ತು.

"ಇದಕ್ಕೇನ್ ಹಾಕಿದ್ರಿ ಅಮ್ಮಾವ್ರೇ?"

"ಹುಣಸೆಹಣ್ಣು."

"ಉಪ್ಪು ಖಾರಾನೂ ಹಾಕಿದ್ರೆ ಚಟ್ನಿ ಆಗೋದು," ಅಂದು ನಕ್ಕರು. ನಾನು ಭಯಪಟ್ಟಿದ್ದ ನಗು ಅದೇ. ಅಷ್ಟೇನೂ ನೋಯಲಿಲ್ಲ. ಚೀಲದಲ್ಲಿ ಇನ್ನೊಂದು ಹಳೇ ಕಾರ್ಡಿತ್ತು. ಅವರು ಕೈ ಹಾಕಲು ಹೋದಾಗ ಸುಮಾ, ನೀವು ಕೂತ್ಕೊಳ್ಳಿ, ನಾನು ಹಾಕ್ತೀನಿ ಅಂದಳು. ಕಬ್ಬಿಣ ಮುಟ್ಟಿದಳು, ಹಾಕಿದಳು. ದೀಪ ಬಂತು. ಸಂಚಿಕೆ ಹೇಳಿದ ದಿನಕ್ಕೆ ಮುಗಿಯಿತು. ಮಹೇಶ ಮುಚ್ಚುವ ಮಾತು ಮತ್ತೆ ಎತ್ತಲಿಲ್ಲ. ನನ್ನ ಸ್ಟೂಲು ನನಗೆ ಉಳಿಯಿತು. ಆದರೆ ಒಳಗಿನಿಂದ "ಕಳಿಸ್ದೆ" ಅನ್ನುವ ಕೂಗು ನಿಂತುಹೋಗಿತ್ತು. ದೀಪ ಮಿಣುಕುತ್ತಿತ್ತು, ಹಾಳೆ ಬರುತ್ತಿತ್ತು, ನಾನು ಜೋಡಿಸಿಡುತ್ತಿದ್ದೆ. ತಿಂಗಳಾದ ಮೇಲೆ ಪ್ರಿಂಟರಿಗೆ ಹಾಳೆ ಸಿಕ್ಕಿಕೊಂಡಾಗ ಅವಳು ಕೂಗಲೇಬೇಕಾಯಿತು, ಆಮೇಲೆ ಮೊದಲಿನ ಹಾಗೆ ಆಯಿತು. ನಗು, ಜಗಳ, ಎಲ್ಲ. ಆ ಒಂದು ಮಾತು ಮಾತ್ರ ಬರಲಿಲ್ಲ. ನಾನು ಕೇಳಲಿಲ್ಲ. ಕೇಳಿ ಇಸಕೊಳ್ಳುವ ಮಾತಲ್ಲ ಅದು.

ಮರುವರ್ಷದ ಆಯುಧಪೂಜೆಗೆ ನಾನು ಪೆಟ್ಟಿಗೆಗೆ ಹೂ ಏರಿಸಿ ಕೈಮುಗಿದು ಸುಮ್ಮನಾದೆ. ಮಾರನೇ ದಿನ ಬೆಳಗ್ಗೆ, ತಿಂಡಿಗೆ ಮುಂಚೆ, ಸುಮಾ ಬಂದು ನನ್ನ ಸ್ಟೂಲಿನ ಮೇಲೆ ಸ್ಕ್ರೂಡ್ರೈವರನ್ನೂ ಒಂದು ಹೊಸ ರಬ್ಬರನ್ನೂ ಇಟ್ಟಳು.

"ಹಲ್ಲು ಮಂಕಾಗಿರುತ್ತೆ ಅತ್ತೆ. ತೆಗೆದು ಉಜ್ಜಿ."

"ನಾನಾ? ಬೇಡ ಕಣಮ್ಮ."

"ಮೊದಲು ಕಬ್ಬಿಣ ಮುಟ್ಟಿ."

ಕರೆಂಟಿನ ತಂತಿ ಅವಳೇ ಕಿತ್ತಿಟ್ಟು ಬಾಗಿಲಿಗೆ ಒರಗಿ ನಿಂತಳು. ಎರಡು ಕೈಯಲ್ಲೂ ಕಬ್ಬಿಣ ಮುಟ್ಟಿದೆ. ಸ್ಕ್ರೂ ಬಿಚ್ಚಿದೆ. ಕಾರ್ಡು ಹೊರಗೆ ಬರಲು ಹಟ ಮಾಡಿತು, ಎರಡು ತುದಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ ಅಂದಳು. ಹಲ್ಲನ್ನು ರಬ್ಬರಿನಿಂದ ಒಂದೇ ಕಡೆಗೆ ಉಜ್ಜಿದೆ, ಚೊಂಬಿಗೆ ಹಾಕುವ ಬಲ ಹಾಕಲಿಲ್ಲ. ಊದಿ, ಸೀಳಿಗೆ ಇಟ್ಟು ಒತ್ತಿದೆ. ಕಟಕ್ ಅಂತ ಕೂತಿತು. ಸುಮಾ ಸ್ವಿಚ್ಚು ಹಾಕಿ ನಡುಮನೆಗೆ ಹೋದಳು. ಹಸಿರು ದೀಪ ಬಂತು, ಸ್ವಲ್ಪ ಹೊತ್ತು ನೆಟ್ಟಗೆ ಉರಿಯಿತು, ಆಮೇಲೆ ಮಿಣಮಿಣ ಅಂದಿತು.

"ಬಂತು!" ಅಂದೆ.

ಅವಳು ಕಂಪ್ಯೂಟರ್ ಮುಂದಿನಿಂದ ಎದ್ದು ಅಡುಗೆಮನೆಗೆ ಹೋಗಿ ತಟ್ಟೆ ಹಾಕಿದಳು. ಹಬ್ಬದ ಮಿಕ್ಕ ಒಬ್ಬಟ್ಟು, ಮೇಲೆ ತುಪ್ಪ. ಮಹೇಶ ಆಗಲೇ ಅರ್ಧ ತಿಂದಿದ್ದ. ನಾನು ಕೈ ತೊಳೆದು ತಟ್ಟೆ ಮುಂದೆ ಕೂತೆ. ಸುಮಾ ತುಪ್ಪದ ಮಿಳ್ಳೆ ಹಿಡಿದು ನನ್ನ ಮುಂದೆ ನಿಂತಿದ್ದಳು.

"ಆಯ್ತು, ಉಣ್ಣಿ ಅತ್ತೆ," ಅಂದಳು.

"ತಿಂಡಿಗೆ ಯಾರಾದ್ರೂ ಉಣ್ಣಿ ಅಂತಾರಾ?" ಅಂತ ಮಹೇಶ ನಕ್ಕ.  ನಾನು ಒಬ್ಬಟ್ಟು ಮುರಿದು ಬಾಯಿಗಿಟ್ಟುಕೊಂಡೆ.